ಚಳಿಗಾಲದ ಮದುವೆಗೆ ಧಾರೆ ಸೀರೆ: ಆಯ್ಕೆ ಹೀಗಿರಲಿ

ಮಗಳ ಮದುವೆ ನಿಶ್ಚಯವಾಯಿತೆಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ಸೀರೆ ತೆಗೆದಾಯ್ತಾ?' ನೀವು ಮೈಸೂರಿನಲ್ಲಿ ಮನೆ ಮಾಡಿಕೊಂಡಿದ್ದು, ಮದುವೆಯನ್ನು ಮಾತ್ರ ಊರ ಕಡೆ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಥವಾ ಎಚ್.ಡಿ. ಕೋಟೆಯ ಛತ್ರದಲ್ಲಿ ಮಾಡುವವರಾದರೆ, ಸೀರೆಯ ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದದ್ದು ಒಂದಿದೆ. ಅದೇ ಚಳಿ!

ಚಳಿಗಾಲದ ಲಗ್ನಗಳು ಎರಡು ಕಂತಿನಲ್ಲಿ ಬರುತ್ತವೆ. ಕಾರ್ತಿಕ, ಮಾರ್ಗಶಿರದಲ್ಲಿ ಒಂದಷ್ಟು. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಬಂತೆಂದರೆ ವಾಲಗದ ಸದ್ದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಚಪ್ಪರ ಏಳುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹರಾಜಾಗಿ, ಕೆ.ಆರ್. ನಗರದ ಕಡೆ ಭತ್ತ ಮನೆಗೆ ಬಂದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವೂ ಇದೇ. ಆದರೆ ಮುಹೂರ್ತ ಎಷ್ಟೋ ಸಲ ಬೆಳಿಗ್ಗೆ ಆರಕ್ಕೋ ಏಳಕ್ಕೋ ಇರುತ್ತೆ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಬಯಲಿನ ಮಂಜು ಇನ್ನೂ ಕರಗಿರುವುದಿಲ್ಲ. ಹುಡುಗಿಗೆ ನಸುಕಿನಲ್ಲೇ ಎಣ್ಣೆ ನೀರು, ಒದ್ದೆ ತಲೆ, ಗಾಳಿಯಾಡುವ ಮಂಟಪ ಬೇರೆ.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣದಲ್ಲಿ ನಮ್ಮ ನೆಂಟರ ಹುಡುಗಿಯ ಮದುವೆ ಆಯ್ತು. ನೆಟ್ ತೋಳಿನ, ಬೆನ್ನು ತೆರೆದ ಬ್ಲೌಸ್. ಧಾರೆಯ ಹೊತ್ತಿಗೆ ತೆಂಗಿನಕಾಯಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. 'ಹುಡುಗಿ ಹೆದರಿಕೊಂಡಿದಾಳೆ' ಅಂತ ಗಂಡಿನ ಕಡೆಯವರ ಪಿಸುಮಾತು. ಹೆದರಿಕೆಯಲ್ಲ, ಚಳಿ! ಕೊನೆಗೆ ಅಜ್ಜಿ ತಮ್ಮ ಶಾಲನ್ನೇ ಹೊದಿಸಿದರು. ಅಷ್ಟು ದುಡ್ಡು ಕೊಟ್ಟ ಸೀರೆ ಫೋಟೋದಲ್ಲಿ ಕಾಣಲೇ ಇಲ್ಲ, ಕಂಡದ್ದು ಅಜ್ಜಿಯ ಶಾಲು.

ರೇಷ್ಮೆಯೇ ಏಕೆ?

ರೇಷ್ಮೆ ಮೈಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹಾಗಾಗಿ ಚಳಿಗೆ ಬೆಚ್ಚಗಿರುತ್ತದೆ. ಕಂಚಿ ಸೀರೆ ದಪ್ಪ, ನಸುಕಿನ ಧಾರೆಗೆ ಚೆನ್ನ. ಆದರೆ ಜರಿ ಹೆಚ್ಚಾದಷ್ಟೂ ಭಾರ. ತೆಳ್ಳಗಿನ ಹುಡುಗಿಯಾದರೆ ಸಣ್ಣ ಅಂಚಿನದು ಸಾಕು. ಮೈಸೂರು ಸಿಲ್ಕ್ ಕ್ರೇಪ್ ನೇಯ್ಗೆಯದು. ಹಗುರ, ನಿರಿಗೆ ನೀಟಾಗಿ ಕೂರುತ್ತದೆ. ಜನ, ದೀಪಗಳ ನಡುವಿನ ಹಿಂದಿನ ರಾತ್ರಿಯ ಆರತಕ್ಷತೆಗೆ ಹೇಳಿ ಮಾಡಿಸಿದ್ದು. ಧಾರೆಗೂ ಅದನ್ನೇ ಉಡಿಸುವುದಾದರೆ ಒಳಗೆ ದಪ್ಪ ಹತ್ತಿಯ ಲಂಗವಿರಲಿ.

ಅಗ್ಗವೆಂದು ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ. ಮದುವೆಯಲ್ಲಿ ಹೋಮ, ದೀಪ, ಆರತಿ ಎಲ್ಲ ಇರುತ್ತೆ. ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ರೇಷ್ಮೆ ಅಷ್ಟು ಬೇಗ ಹೊತ್ತಿಕೊಳ್ಳದು. ಆದರೂ ಸೆರಗನ್ನು ಪಿನ್ ಮಾಡಿ ಸೊಂಟಕ್ಕೆ ಸಿಕ್ಕಿಸುವುದನ್ನು ಮರೆಯಬೇಡಿ.

ಅಸಲಿಯೋ, ನಕಲಿಯೋ?

* ಅಂಗಡಿಯವರ ಮಾತಿಗಿಂತ ಲೇಬಲ್ ನೋಡಿ. ಶುದ್ಧ ರೇಷ್ಮೆಗೆ 2004ರಿಂದ 'ಸಿಲ್ಕ್ ಮಾರ್ಕ್' ಗುರುತಿದೆ.

* ಕ್ರೇಪ್ ಸೀರೆಗಳನ್ನೆಲ್ಲ 'ಮೈಸೂರು ಸಿಲ್ಕ್' ಅಂತ ಮಾರುವವರಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆ 1980ರಿಂದ ಕೆ.ಎಸ್.ಐ.ಸಿ. ಕೈಯಲ್ಲಿದೆ. ಅಲ್ಲಿನ ಸೀರೆಗೆ ತನ್ನದೇ ಸಂಖ್ಯೆ ಇರುತ್ತದೆ. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ.

* ಅನುಮಾನವಿದ್ದರೆ ಸೆರಗಿನ ತುದಿಯ ಒಂದೆಳೆ ತೆಗೆದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಗಟ್ಟಿ ಗುಂಡಾದರೆ ಅದು ಪಾಲಿಯೆಸ್ಟರ್.

ಬಣ್ಣ, ಬ್ಲೌಸ್

ಅಂಗಡಿಯ ದೀಪದಲ್ಲಿ ಎಲ್ಲ ಸೀರೆಯೂ ಚೆಂದ! ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡಿ. ಬೆಳ್ಳಂಬೆಳಗ್ಗೆ ಮಂಜಿನಲ್ಲಿ ತಿಳಿ ಬಣ್ಣಗಳು ಮಂಕಾಗುತ್ತವೆ. ಬಿಳಿ ಧಾರೆ ಸೀರೆ ಉಡಿಸುವ ಪದ್ಧತಿ ನಿಮ್ಮದಾದರೆ ಕೆಂಪು ಅಥವಾ ಅರಿಶಿನ ಬಣ್ಣದ ದೊಡ್ಡ ಅಂಚಿರಲಿ.

ಬ್ಲೌಸಿಗೆ ಮುಕ್ಕಾಲು ತೋಳು, ಹತ್ತಿ ಬಟ್ಟೆಯ ಲೈನಿಂಗ್ ಹಾಕಿಸಿ. ಮದುವೆಗೆ ಹತ್ತು ದಿನ ಮುಂಚೆಯೇ ತೊಡಿಸಿ ನೋಡಿ. ಲಗ್ನದ ಗಡಿಬಿಡಿಯಲ್ಲಿ ಹುಡುಗಿಯರು ಸೊರಗುವುದುಂಟು. ಒಳಗೆ ಹೊಲಿಗೆ ಬಿಡಿಸಲು, ಹಿಡಿಯಲು ಜಾಗವಿರಲಿ.

ಕೊನೆಯದಾಗಿ ಒಂದು ಮಾತು

'ಹರಾಜಿನ ದುಡ್ಡು ಬರುತ್ತಲ್ಲ' ಅಂತ ಮುಂಚೆಯೇ ಸಾಲ ಮಾಡಿ ಸೀರೆ ತೆಗೆಯಬೇಡಿ. ಸೊಪ್ಪಿನ ದರ ಒಂದೇ ಸಮ ಇರಲ್ಲ, ಅಪ್ಪನನ್ನು ಕೇಳಿದರೆ ಹೇಳ್ತಾರೆ. ಒಮ್ಮೆ ಉಟ್ಟು ಬೀರುವಿನಲ್ಲಿಡುವ ದುಬಾರಿ ಸೀರೆಗಿಂತ, ಮುಂದೆ ನಾಮಕರಣಕ್ಕೂ ಗೃಹಪ್ರವೇಶಕ್ಕೂ ಉಡಬಹುದಾದ ಸೀರೆ ಮೇಲಲ್ವೇ? ಅತ್ತಿಗೆ, ಚಿಕ್ಕಮ್ಮ, ಸೋದರತ್ತೆ ಎಲ್ಲರನ್ನೂ ಅಂಗಡಿಗೆ ಕರೆದೊಯ್ಯಿರಿ, ಬೇಡ ಅನ್ನಲ್ಲ. ಆದರೆ ಕೊನೆಯ ಮಾತು ಮಗಳದಾಗಿರಲಿ. ನಸುಕಿನ ಚಳಿಯಲ್ಲಿ ಆ ಸೀರೆ ಉಟ್ಟು ಕೂರುವವಳು ಅವಳೇ ತಾನೆ?

ಹಾಂ, ಸೀರೆ ತೆಗೆಯುವಾಗಲೇ ಅದಕ್ಕೊಪ್ಪುವ ಒಂದು ಶಾಲನ್ನೂ ತೆಗೆದುಬಿಡಿ. ಅಜ್ಜಿಯ ಶಾಲು ಅಜ್ಜಿಯ ಹೆಗಲ ಮೇಲೇ ಇರಲಿ!