ಕ್ಯಾನ್ಸರ್ ಗೆದ್ದಾಯ್ತು, ಆಮೇಲೆ?

ಫೆಬ್ರವರಿ 4, ವಿಶ್ವ ಕ್ಯಾನ್ಸರ್ ದಿನ. ನಮ್ಮಂಥ ಚಾನೆಲ್‌ಗಳಲ್ಲಿ ಅವತ್ತಿಗೊಂದು ರೆಡಿ ಕಾರ್ಯಕ್ರಮ ಇರುತ್ತೆ: ‘ಸಾವನ್ನೇ ಗೆದ್ದವರು’. ಒಂದು ವರ್ಷ ಸ್ಟುಡಿಯೊಗೆ ಶಿಕ್ಷಕಿಯೊಬ್ಬರು ಬಂದಿದ್ದರು. ಸ್ತನ ಕ್ಯಾನ್ಸರ್ ಗುಣವಾಗಿ ಹನ್ನೊಂದು ವರ್ಷ. ನಗುನಗುತ್ತಾ ಮಾತಾಡಿದರು. ‘ನಿಮ್ಮ ಧೈರ್ಯಕ್ಕೆ ಸಲಾಂ’ ಅಂತ ನಾನೂ ಕಾರ್ಯಕ್ರಮ ಮುಗಿಸಿದೆ. ಮೈಕ್ ಬಿಚ್ಚುವಾಗ ಮೆಲ್ಲಗೆ ಅಂದರು: “ಸರ್, ನಾಡಿದ್ದು ಚೆಕಪ್ ಇದೆ. ಎರಡು ದಿನದಿಂದ ನಿದ್ದೆ ಇಲ್ಲ. ಮನೇಲಿ ಹೇಳಲ್ಲ. ಹೇಳಿದ್ರೆ ಅವರೂ ನಿದ್ದೆ ಮಾಡಲ್ಲ.”

ಅರ್ಧ ಗಂಟೆ ಮಾತಾಡಿಸಿದ ನಾನು ಇದೊಂದನ್ನು ಕೇಳಿರಲೇ ಇಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಮಷಿನ್ ಕೆಟ್ಟರೆ ರಿಪೇರಿ, ಆಮೇಲೆ ಟೆಸ್ಟಿಂಗ್, ಪಾಸಾದರೆ ಫೈಲ್ ಕ್ಲೋಸ್. ಕ್ಯಾನ್ಸರ್‌ ವಿಷಯದಲ್ಲೂ ನಮ್ಮ ಲೆಕ್ಕ ಹಾಗೇ ಇದೆ. ಯುವರಾಜ್ ಸಿಂಗ್ ಕಥೆ ನೋಡಿ. 2011ರ ವಿಶ್ವಕಪ್‌ನ ಸರಣಿ ಶ್ರೇಷ್ಠ, 2012ರಲ್ಲಿ ಅಮೆರಿಕದಲ್ಲಿ ಕಿಮೊಥೆರಪಿ, ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಮೈದಾನ. ನಾವು ಚಪ್ಪಾಳೆ ಹೊಡೆದು ಎದ್ದುಬಿಟ್ಟೆವು. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ.

ಇದನ್ನು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ ಒಬ್ಬರು. ಮೂವತ್ತರ ಹರೆಯದಲ್ಲಿ ಸ್ವತಃ ಕ್ಯಾನ್ಸರ್ ಅನುಭವಿಸಿದವರು. 1985ರಲ್ಲಿ ಅವರು, ಬದುಕುಳಿಯುವಿಕೆಗೂ ಮೂರು ಋತುಗಳಿವೆ ಅಂದರು. ಮೊದಲನೆಯದು ರೋಗ ಪತ್ತೆ ಮತ್ತು ಚಿಕಿತ್ಸೆಯ ಕಾಲ. ಎರಡನೆಯದು ಚಿಕಿತ್ಸೆ ಮುಗಿದ ಮೇಲೆ ‘ಮತ್ತೆ ಬರುತ್ತಾ’ ಎಂಬ ಭಯದ ಕಾಲ. ಮೂರನೆಯದು ಗುಣವಾಗಿದ್ದೇವೆ ಅನ್ನಬಹುದಾದ ಕಾಲ. ಆದರೂ ಮೈಮೇಲೆ, ಕೆಲಸದಲ್ಲಿ, ವಿಮೆಯಲ್ಲಿ ರೋಗದ ಗುರುತು ಉಳಿದಿರುತ್ತೆ.

ಎರಡನೇ ಋತು ಯಾಕೆ ಕಷ್ಟ? ಚಿಕಿತ್ಸೆ ನಡೆಯುವಾಗ ಡಾಕ್ಟರು, ನರ್ಸು, ನೆಂಟರು ಎಲ್ಲರೂ ಸುತ್ತ ಇರ್ತಾರೆ. ಕೊನೆಯ ಕಿಮೊ ಮುಗಿದ ದಿನ ಎಲ್ಲರೂ ‘ಇನ್ನೇನು ಆರಾಮಲ್ವಾ’ ಅಂತ ಹೊರಟುಬಿಡ್ತಾರೆ. ನಿಜವಾದ ಒಂಟಿತನ ಶುರುವಾಗೋದೇ ಆಗ. ನಮಗೆ ತಲೆನೋವು ಬಂದರೆ ಅದು ಬರೀ ತಲೆನೋವು. ಅವರಿಗೆ ‘ಮತ್ತೆ ಬಂತಾ?’ ಅನ್ನೋ ಪ್ರಶ್ನೆ. ದೇಹವೂ ಮರೆಯಲು ಬಿಡಲ್ಲ. ಕಂಕುಳಿನ ಗ್ರಂಥಿ ತೆಗೆಸಿಕೊಂಡವರಿಗೆ ವರ್ಷಗಳ ಮೇಲೂ ಕೈ ಊದಬಹುದು. ಕೆಲವರಿಗೆ ಹಾರ್ಮೋನ್ ಮಾತ್ರೆ 5ರಿಂದ 10 ವರ್ಷ. ಸುಸ್ತು, ಮರೆವು, ಪಾದದಲ್ಲಿ ಜೋಮು ಬೇರೆ. ದಾಂಪತ್ಯದಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಕೋಚ.

ಇದರ ಮೇಲೆ ನಮ್ಮ ಕಾಣಿಕೆ. ‘ಹುಡುಗಿಗೆ ಹಿಂದೆ ಕ್ಯಾನ್ಸರ್ ಇತ್ತಂತೆ’ ಎಂದು ಮುರಿದುಬೀಳುವ ಸಂಬಂಧಗಳು. ಪ್ರತ್ಯೇಕ ತಟ್ಟೆ, ಲೋಟ. ಕ್ಯಾನ್ಸರ್ ಮುಟ್ಟಿದರೆ ಹರಡುವ ರೋಗ ಅಲ್ಲವೇ ಅಲ್ಲ. ಇದನ್ನು ಈಗಲೂ ಹೇಳಬೇಕಾಗಿದೆ ಅನ್ನೋದೇ ಬೇಸರ.

ಹಾಗಾದರೆ ಏನು ಬೇಕು? ಮೊದಲನೆಯದು, ಚಿಕಿತ್ಸೆ ಮುಗಿದಾಗ ಮುಂದೆ ಯಾವ ಪರೀಕ್ಷೆ, ಯಾವಾಗ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಯಾವ ನೋವಿಗೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತೆ. ಎರಡನೆಯದು, ಅದೇ ದಾರಿ ನಡೆದವರ ಜತೆ ಮಾತು. ‘ಧೈರ್ಯವಾಗಿರಿ’ ಅಂತ ನಾವು ಹೇಳೋದಕ್ಕೂ, ‘ನಂಗೂ ಹೀಗೇ ಆಗಿತ್ತು’ ಅಂತ ಅವರು ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ. ಮೂರನೆಯದು, ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಅದು ದೌರ್ಬಲ್ಯ ಅಲ್ಲ. ಅದಕ್ಕೂ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಚೆಕಪ್ ಆದ ಸಂಜೆ ಆ ಶಿಕ್ಷಕಿಗೆ ಫೋನ್ ಮಾಡಿದೆ. ರಿಪೋರ್ಟ್ ಚೆನ್ನಾಗಿತ್ತು. “ಈ ಸಲ ಮಗಳಿಗೆ ಹೇಳಿಬಿಟ್ಟೆ ಸರ್. ರಾತ್ರಿ ಇಬ್ಬರೂ ಮಲಗಲಿಲ್ಲ. ಟೀ ಮಾಡ್ಕೊಂಡು ಕೂತಿದ್ವಿ. ಆದ್ರೂ ಎಷ್ಟೋ ಹಗುರ ಅನ್ನಿಸ್ತು.”

ನಿಮ್ಮ ಮನೆಯಲ್ಲೂ ಕ್ಯಾನ್ಸರ್ ಗೆದ್ದವರು ಇರಬಹುದು. ಮುಂದಿನ ಚೆಕಪ್ ಯಾವತ್ತು ಅಂತ ಇವತ್ತೇ ಕೇಳಿ. ಅದರ ಹಿಂದಿನ ರಾತ್ರಿ ಸ್ವಲ್ಪ ಹೊತ್ತು ಅವರ ಜತೆ ಕೂತಿರಿ.