ವೈಫೈ ಪೆಟ್ಟಿಗೆ ಮತ್ತು ಮಕ್ಕಳ ನಿದ್ದೆ

ತೊಟ್ಟಿಲಿರುವ ಕೋಣೆಯಲ್ಲೇ ವೈಫೈ ಪೆಟ್ಟಿಗೆ ಇದೆ, ಮಗುವಿಗೆ ಅಪಾಯವೇ? ಬಾಣಂತಿಯರು, ಅವರಿಗಿಂತ ಹೆಚ್ಚಾಗಿ ಅಜ್ಜಿಯಂದಿರು, ಕೇಳುವ ಪ್ರಶ್ನೆಯಿದು.

ಈ ಪೆಟ್ಟಿಗೆಯಿಂದ ಹೊರಡುವುದು ರೇಡಿಯೋ ಅಲೆ. ‘ವಿಕಿರಣ’ ಎಂಬ ಶಬ್ದವೇ ಹೆದರಿಸುತ್ತದೆ. ಆದರೆ ಎಕ್ಸ್‌ರೇಯಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶದ ವರ್ಣತಂತುಗಳಿಗೆ ಹಾನಿ ಮಾಡುವ ಶಕ್ತಿ ಇದಕ್ಕಿಲ್ಲ. ಬಲ ಹೆಚ್ಚಿದ್ದರೆ ಅಂಗಾಂಶವನ್ನು ಬಿಸಿ ಮಾಡಬಲ್ಲದು. ಮೈಕ್ರೋವೇವ್ ಒಲೆ ಅಡುಗೆ ಬಿಸಿಮಾಡುವುದೂ ಹೆಚ್ಚುಕಡಿಮೆ ಇಂಥದೇ ಅಲೆಯಿಂದ. ಅಲ್ಲಿ ನೂರಾರು ವ್ಯಾಟ್, ಇಲ್ಲಿ ಸಾಮಾನ್ಯವಾಗಿ ಒಂದು ವ್ಯಾಟ್‌ಗೂ ಕಡಿಮೆ. ದೂರ ಇಮ್ಮಡಿಯಾದರೆ ಆ ಬಲವೂ ಕಾಲುಭಾಗಕ್ಕೆ ಇಳಿಯುತ್ತದೆ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಗುಂಪಿಗೆ ಸೇರಿಸಿದ್ದು ನಿಜ. ಅದಕ್ಕೆ ಮುಖ್ಯ ಆಧಾರ ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಬಳಕೆದಾರರ ಅಧ್ಯಯನ. ಪುರಾವೆ ಸೀಮಿತ ಎಂದೂ ಅದು ಹೇಳಿತ್ತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ! ಸಮಾಧಾನವಾಗದಿದ್ದರೆ ಪೆಟ್ಟಿಗೆಯನ್ನು ನಡುಮನೆಗೆ ಸರಿಸಿ, ನಷ್ಟವೇನಿಲ್ಲ.

ನಿಜವಾದ ಚಿಂತೆ ಬೇರೆ. ಅಲೆಗೆ ಹೆದರಿ ರಾತ್ರಿ ಪೆಟ್ಟಿಗೆ ಆರಿಸುವ ಮನೆಯಲ್ಲೇ ಎಂಟನೇ ತರಗತಿಯ ಹುಡುಗ ಹೊದಿಕೆಯೊಳಗೆ ಮೊಬೈಲ್ ನೋಡುತ್ತಿರುತ್ತಾನೆ. ಅದಕ್ಕೆ ಸ್ವಂತ ಸಂಪರ್ಕ ಇದೆಯಲ್ಲ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪರದೆಯ ಬೆಳಕು ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಸ್ರಾವವನ್ನು ತಡಮಾಡಬಲ್ಲದು. ತಲೆನೋವು, ಸಿಡುಕು, ತರಗತಿಯಲ್ಲಿ ತೂಕಡಿಕೆ ಎಂದು ಕರೆತಂದವರು ರಕ್ತಪರೀಕ್ಷೆ ಮಾಡಿಸಬೇಕೇ ಎನ್ನುತ್ತಾರೆ. ರಾತ್ರಿ ಮೊಬೈಲ್ ಎಲ್ಲಿರುತ್ತದೆ ಎಂದು ಮೊದಲು ವಿಚಾರಿಸಬೇಕು. ಮಲಗುವ ಒಂದು ಗಂಟೆ ಮುಂಚೆಯೇ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ನಡುಮನೆಯಲ್ಲಿ ಚಾರ್ಜಿಗಿರಲಿ. ಬೆಳಿಗ್ಗೆ ಏಳಲು ಅಲಾರಾಂ ಗಡಿಯಾರ ಸಾಕು.