ನಿಮಗಿದು ಗೊತ್ತೇ? ಸೀಸರನ ದತ್ತುಮಗ, ನರಗುಂದದ ಬಾಬಾಸಾಹೇಬ

ರೋಮ್ ಸಾಮ್ರಾಟರ ಮುಖ ನೋಡಲು ಇಟಲಿಗೇ ಹೋಗಬೇಕಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂಥ 150ಕ್ಕೂ ಹೆಚ್ಚು ನಾಣ್ಯಗಳ ಗಂಟೇ ಸಿಕ್ಕಿತು.

ಆ ಇಬ್ಬರೂ ದತ್ತುಮಕ್ಕಳೆಂಬುದು ಗೊತ್ತೇ? ಆಗಸ್ಟಸ್ ಜೂಲಿಯಸ್ ಸೀಸರನಿಗೆ ಸೋದರಿಯ ಮೊಮ್ಮಗ. ಕ್ರಿ.ಪೂ. 44ರಲ್ಲಿ ಸೀಸರನ ಕೊಲೆಯಾದ ಮೇಲೆ ಉಯಿಲು ತೆರೆದರೆ, ಅದರಲ್ಲಿ ಅವನೇ ಮಗ! ಕ್ರಿ.ಶ. 4ರಲ್ಲಿ ಆಗಸ್ಟಸ್ ಟೈಬೀರಿಯಸನನ್ನು ದತ್ತಕ ತೆಗೆದುಕೊಂಡ. ಮುಂದೆ ಟ್ರೇಜನ್, ಹೇಡ್ರಿಯನ್, ಆಂಟೋನೈನಸ್, ಮಾರ್ಕಸ್ ಅರೇಲಿಯಸ್ ಸಹ ಗದ್ದುಗೆ ಏರಿದ್ದು ದತ್ತಕದ ಬಲದಿಂದಲೇ. ರೋಮಿನ ಒಳ್ಳೆಯ ದಿನಗಳೆಂದು ಇತಿಹಾಸಕಾರರು ಹೊಗಳುವುದೂ ಅವರ ಕಾಲವನ್ನೇ.

ಈಗ ನರಗುಂದಕ್ಕೆ ಬನ್ನಿ. ಸಂಸ್ಥಾನಿಕ ಭಾಸ್ಕರರಾವ್ ಭಾವೆ ಅಂದರೆ ಬಾಬಾಸಾಹೇಬನಿಗೆ ಗಂಡುಸಂತಾನವಿರಲಿಲ್ಲ. ದತ್ತಕಕ್ಕೆ ಅನುಮತಿ ಕೇಳಿದ. ಕಂಪನಿ ಸರಕಾರ ಕೊಡಲಿಲ್ಲ. ಲ್ಯಾಟಿನ್ ಉರುಹೊಡೆದು, ಸೀಸರನ ಕಥೆ ಓದಿ ಬೆಳೆದ ಸಾಹೇಬರು ಇವರು! ಬಾಬಾಸಾಹೇಬ ಬಂಡೆದ್ದ. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ನರಗುಂದ ಮರೆಯದ ಇನ್ನೊಂದು ದಿನ 1980ರ ಜುಲೈ 21. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದ ದಿನ. ಆ ತಿಂಗಳು ಹೊತ್ತಿರುವುದೂ ಸೀಸರನ ಹೆಸರನ್ನೇ.

ತಿಂಗಳ ಮಾತಾಯಿತು, ಇನ್ನು ವಾರದ್ದು. ಗಜೇಂದ್ರಗಡದ ಸಂತೆ ವಾರಕ್ಕೊಮ್ಮೆ. ಹಳೆಯ ರೋಮನ್ನರದು ಎಂಟು ದಿನಕ್ಕೊಮ್ಮೆ.

ರವಿವಾರದ ರಜೆ ಕೊಟ್ಟವನು ರೋಮ್ ಸಾಮ್ರಾಟ ಕಾನ್‌ಸ್ಟಂಟೈನ್, ಕ್ರಿ.ಶ. 321ರಲ್ಲಿ. ಪೇಟೆಯವರು, ನ್ಯಾಯಾಧೀಶರು ಕೆಲಸ ಬಿಡಬೇಕು, ಹೊಲದವರು ದುಡಿಯಬಹುದು. ಬಿತ್ತಿಗೆಗೆ ತಕ್ಕ ದಿನ ಕೈತಪ್ಪಿದರೆ ಮತ್ತೆ ಬಾರದು ಎಂಬುದು ಆಜ್ಞೆಯಲ್ಲೇ ಇದ್ದ ಕಾರಣ. ರೋಣದ ಎರಿ ಹೊಲದ ರೈತನಿಗೆ ಹದದ ಮಾತು ಬಿಡಿಸಿ ಹೇಳಬೇಕೇ?

ರೋಣದ ನೆರೆಯ ಬಾದಾಮಿಯೂ ರೋಮನ್ ಕಾಲದ ಭೂಗೋಳದಲ್ಲಿದೆ. ಎರಡನೇ ಶತಮಾನದ ಟಾಲೆಮಿ ಬರೆದ ‘ಬದಿಯಮಾಯಿ’ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬನವಾಸಿಯೂ ಅವನ ಪಟ್ಟಿಯಲ್ಲಿದೆ.

ಇನ್ನು ಹರಟೆಗೆ ಒಳ್ಳೆಯ ಸರಕು: ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ, ಆಕ್ಸಿರಿಂಕಸ್ ಊರಿನ ಕಸದ ದಿಬ್ಬದಲ್ಲಿ ಒಂದು ಗ್ರೀಕ್ ಪ್ರಹಸನ ಸಿಕ್ಕಿತು. ಭಾರತದ ಕರಾವಳಿಯಲ್ಲಿ ಸೆರೆಯಾದ ಹೆಣ್ಣುಮಗಳನ್ನು ಅವಳ ಅಣ್ಣನ ಕಡೆಯವರು ಬಿಡಿಸುತ್ತಾರೆ, ಅದೂ ಇಲ್ಲಿನ ರಾಜನಿಗೆ ಕಂಠಪೂರ್ತಿ ಕುಡಿಸಿ! ರಾಜನ ಬಾಯಲ್ಲಿ ಗ್ರೀಕರಿಗೆ ತಿಳಿಯದ ಮಾತುಗಳಿವೆ. ಅವು ಕನ್ನಡವೆಂದು ಆರ್. ಶಾಮಾಶಾಸ್ತ್ರಿ ವಾದಿಸಿದರು, ಮಂಜೇಶ್ವರದ ಗೋವಿಂದ ಪೈ ಕೂಡ ಇದರ ಬೆನ್ನು ಹತ್ತಿದರು. ಎಲ್ಲ ಪಂಡಿತರೂ ಒಪ್ಪಿಲ್ಲ. ಜಗಳ ನಡೆದೇ ಇದೆ.